ಝಡ್ ಡ್ರೈವ್‌ನಲ್ಲಿದ್ದ ಬ್ಯಾಕಪ್ ನಮ್ಮನ್ನು ಉಳಿಸಲಿಲ್ಲ

ಬ್ಯಾಕಪ್‌ಗೆ ನ್ಯಾಸ್ (ನೆಟ್‌ವರ್ಕಿಗೆ ಸಿಕ್ಕಿಸುವ ಡಿಸ್ಕ್ ಪೆಟ್ಟಿಗೆ) ತಗೋಬೇಕಾ, ವರ್ಚುವಲ್ ಟೇಪ್ ತಗೋಬೇಕಾ ಅಂತ ಕೊಟೇಶನ್ ಹಿಡಿದು ಕೂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಆದದ್ದು ನಿಮಗೆ ಆಗಬಾರದು.

ನಾನು ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿಸ್ಟಮ್ ಕೆಲಸ ನೋಡಿಕೊಳ್ಳುತ್ತೇನೆ. ಎಂಆರ್‌ಐ, ಸಿಟಿ, ಎಕ್ಸ್‌ರೇ, ಎಲ್ಲ ಚಿತ್ರಗಳೂ ಒಂದೇ ಸರ್ವರಿಗೆ ಬಂದು ಸೇರುತ್ತವೆ. ಆಗ ಹೆಚ್ಚುಕಡಿಮೆ 10 ಟಿಬಿ ಡೇಟಾ ಇತ್ತು. ಬ್ಯಾಕಪ್‌ಗೆ ಎರಡು ದಾರಿ ಇದ್ದವು. ಒಂದು ನ್ಯಾಸ್. 8 ಟಿಬಿಯ ನಾಲ್ಕು ಡಿಸ್ಕ್, ಒಂದು ಕೆಟ್ಟರೂ ಡೇಟಾ ಉಳಿಯುವ ಹಾಗೆ ಜೋಡಿಸಿದರೆ (ಇದಕ್ಕೆ ರೇಡ್ 5 ಅಂತಾರೆ) 24 ಟಿಬಿ ಜಾಗ. ನೆಟ್‌ವರ್ಕ್‌ಗೆ ಸಿಕ್ಕಿಸಿದರೆ ಮುಗೀತು. ಇನ್ನೊಂದು ವರ್ಚುವಲ್ ಟೇಪ್ ಲೈಬ್ರರಿ. ಅದರೊಳಗೂ ಇರುವುದು ಡಿಸ್ಕೇ. ಆದರೆ ಬ್ಯಾಕಪ್ ಸಾಫ್ಟ್‌ವೇರ್ ಕಣ್ಣಿಗೆ ಅದು ಟೇಪ್ ಲೈಬ್ರರಿ (ಡೇಟಾ ಟೇಪುಗಳನ್ನು ಸಾಲಾಗಿ ಇಟ್ಟುಕೊಳ್ಳುವ ಮಶೀನ್) ಥರ ಕಾಣುತ್ತದೆ, ಸ್ಲಾಟ್, ಬಾರ್‌ಕೋಡ್ ಎಲ್ಲ ಸೇರಿ. ಬೆಲೆ ಜಾಸ್ತಿ, ಸಾಫ್ಟ್‌ವೇರ್ ಲೈಸೆನ್ಸ್ ಖರ್ಚು ಬೇರೆ.

ನಾನು ನ್ಯಾಸ್ ಆರಿಸಿದೆ. ಸರ್ವರಿನಲ್ಲಿ ಅದು ಝಡ್ ಡ್ರೈವ್ ಆಗಿ ಕಾಣಿಸಿತು. ರಾತ್ರಿ 11ಕ್ಕೆ ಕಾಪಿ ಆಗುವ ಹಾಗೆ ಸ್ಕ್ರಿಪ್ಟ್ ಹಾಕಿದೆ. ಬೆಳಿಗ್ಗೆ ಝಡ್ ತೆರೆದು ನಿನ್ನೆಯ ತಾರೀಖಿನ ಫೋಲ್ಡರ್ ಕಂಡರೆ ಸಮಾಧಾನ. ಎರಡು ವರ್ಷ ಹೀಗೇ ನಡೆಯಿತು.

ಒಂದು ಸೋಮವಾರ ಬೆಳಿಗ್ಗೆ 7 ಗಂಟೆಗೆ ರಿಸೆಪ್ಷನ್‌ನಿಂದ ಫೋನ್ ಬಂತು. ‘ಸರ್, ಹಳೇ ಪೇಷಂಟ್‌ದು ಯಾವ್ದೂ ಓಪನ್ ಆಗ್ತಿಲ್ಲ.’ ಹೋಗಿ ನೋಡಿದರೆ ಪ್ರತಿ ಫೈಲ್ ಹೆಸರಿನ ಕೊನೆಗೂ ಅರ್ಥವಿಲ್ಲದ ಏಳೆಂಟು ಅಕ್ಷರ ಅಂಟಿಕೊಂಡಿವೆ. ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಒಂದು ಟೆಕ್ಸ್ಟ್ ಫೈಲ್. ತಕ್ಷಣ ಝಡ್ ತೆರೆದೆ. ಅಲ್ಲಿಯೂ ಅದೇ ಅಕ್ಷರಗಳು. ಮೌಸ್ ಹಿಡಿದಿದ್ದ ಕೈ ನಡುಗುತ್ತಿತ್ತು.

ಡಾಕ್ಟರು ಮನೆಯಿಂದಲೇ ರಿಪೋರ್ಟ್ ಬರೆಯಲಿ ಎಂದು ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟಿದ್ದೆ. ಪಾಸ್‌ವರ್ಡ್ ಸುಲಭದ್ದು. ಯಾರೋ ಅದನ್ನು ಊಹಿಸಿ ಅಡ್ಮಿನ್ ಆಗಿಯೇ ಒಳಗೆ ಬಂದರು. ಆ ಅಕೌಂಟಿಗೆ ಎಲ್ಲೆಲ್ಲಿ ಬರೆಯುವ ಅಧಿಕಾರ ಇತ್ತೋ ಅಲ್ಲೆಲ್ಲ ಬೀಗ ಬಿತ್ತು. ಝಡ್ ಡ್ರೈವ್ ಕೂಡ ಅದರಲ್ಲೊಂದು. ರೇಡ್ ಇದೆಯಲ್ಲ ಅಂತ ನಮ್ಮ ಮ್ಯಾನೇಜರ್ ಕೇಳಿದರು. ರೇಡ್ 5 ಒಂದು ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ, ಅಷ್ಟೇ. ಫೈಲ್ ಹಾಳಾದರೆ ಹಾಳಾದ ಫೈಲನ್ನೇ ಜೋಪಾನವಾಗಿ ಇಟ್ಟುಕೊಳ್ಳುತ್ತದೆ.

ನನ್ನನ್ನು ಇವತ್ತಿಗೂ ಕಾಡುವುದು ಸ್ನ್ಯಾಪ್‌ಶಾಟ್ ವಿಷಯ, ಅಂದರೆ ಫೈಲುಗಳು ಆಯಾ ಹೊತ್ತಿಗೆ ಹೇಗಿದ್ದವೋ ಹಾಗೇ ಹಿಡಿದಿಡುವುದು. ಆ ನ್ಯಾಸ್‌ನಲ್ಲಿ ಸೌಲಭ್ಯ ಇತ್ತು. ಜಾಗ ತುಂಬುತ್ತಿದೆ ಎಂದು ನಾನೇ ಅದನ್ನು ಆಫ್ ಮಾಡಿದ್ದೆ. ಅದು ಆನ್ ಇದ್ದು, ನ್ಯಾಸ್‌ನ ಅಡ್ಮಿನ್ ಪಾಸ್‌ವರ್ಡ್ ಬೇರೆ ಇದ್ದಿದ್ದರೆ ಹಿಂದಿನ ದಿನದ ಸ್ಥಿತಿಗೆ ಮರಳಬಹುದಿತ್ತು. 2017ರ ಮೇನಲ್ಲಿ, ಹೀಗೇ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಎಂಬ ಪ್ರೋಗ್ರಾಮ್ ಬಂದಾಗ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದ ಸುದ್ದಿ ಓದಿದ್ದೆ. ಆಗ ವಿಂಡೋಸ್ ಅಪ್‌ಡೇಟ್ ಹಾಕಿ ಸುಮ್ಮನಾಗಿದ್ದೆ. ಬ್ಯಾಕಪ್ ಕಡೆ ತಿರುಗಿ ನೋಡಿರಲಿಲ್ಲ.

ದುಡ್ಡು ಕೊಡಲಿಲ್ಲ, ಪೊಲೀಸರಿಗೆ ದೂರು ಕೊಟ್ಟೆವು. ಉಳಿದದ್ದು ಡ್ರಾಯರಿನಲ್ಲಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮಾತ್ರ. ಸರ್ವರ್ ಬದಲಾಯಿಸುವಾಗ ತೆಗೆದಿದ್ದ, ನಾಲ್ಕು ತಿಂಗಳ ಹಿಂದಿನ ಕಾಪಿ. ಯಾವ ವೈರಿಗೂ ಸಿಕ್ಕಿಸಿರಲಿಲ್ಲ, ಅದಕ್ಕೇ ಉಳಿದಿತ್ತು.

ಹಾಗಾದರೆ ವರ್ಚುವಲ್ ಟೇಪ್ ತಗೊಂಡಿದ್ದರೆ ಬಚಾವ್ ಆಗ್ತಿದ್ರಾ ಅಂತ ತುಂಬ ಜನ ಕೇಳುತ್ತಾರೆ. ಆ ದಿನದ ಮಟ್ಟಿಗೆ ಬಹುಶಃ ಹೌದು. ಅದು ಡ್ರೈವ್ ಆಗಿ ಕಾಣುವುದಿಲ್ಲ, ಹಾಗಾಗಿ ಫೈಲ್ ಹುಡುಕಿ ಬೀಗ ಹಾಕುವ ಪ್ರೋಗ್ರಾಮಿಗೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಅಷ್ಟಕ್ಕೇ ನಂಬಿ ಕೂರಬೇಡಿ. ಬ್ಯಾಕಪ್ ಸಾಫ್ಟ್‌ವೇರ್ ಓಡುವ ಸರ್ವರಿಗೇ ಕಳ್ಳ ಅಡ್ಮಿನ್ ಆಗಿ ಬಂದರೆ ವರ್ಚುವಲ್ ಟೇಪನ್ನೂ ಅಳಿಸಬಹುದು. ಯಾವ ಟೇಪಿನಲ್ಲಿ ಏನಿದೆ ಎಂಬ ಕ್ಯಾಟಲಾಗ್ ಹೋದರೆ ಒಂದೊಂದೇ ಟೇಪ್ ಓದಿಸಿ ಹುಡುಕಬೇಕು. ಮತ್ತೆ ಪೆಟ್ಟಿಗೆ ಇರುವುದು ಅದೇ ಕೋಣೆಯಲ್ಲಿ. ನಿಜವಾದ ಟೇಪನ್ನಾದರೆ ಕೈಯಲ್ಲಿ ಹಿಡಿದು ಇನ್ನೊಂದು ಕಟ್ಟಡಕ್ಕೆ ಒಯ್ಯಬಹುದು, ಅಲ್ವಾ?

ಇನ್ನೊಂದು ಮಾತು. ‘ಡಿಡುಪ್ಲಿಕೇಶನ್ ಇದೆ, 20 ಪಟ್ಟು ಡೇಟಾ ಹಿಡಿಯುತ್ತೆ’ (ಅಂದರೆ ಒಂದೇ ಥರದ ಡೇಟಾ ಮತ್ತೆ ಬಂದರೆ ಒಂದು ಸಲ ಮಾತ್ರ ಇಟ್ಟುಕೊಳ್ಳುತ್ತೆ) ಅಂತ ಮಾರುವವರು ಹೇಳಿದರೆ, ನಿಮ್ಮ ಡೇಟಾ ಎಂಥದ್ದು ಎಂದು ನೋಡಿ. ದಿನಾ ಪೂರ್ತಿ ಬ್ಯಾಕಪ್ ತೆಗೆಯುವ ಕಡೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಚಿತ್ರಗಳು ಮೊದಲೇ ಕಂಪ್ರೆಸ್ ಆಗಿರುತ್ತವೆ, ಒಬ್ಬರದು ಇನ್ನೊಬ್ಬರದಕ್ಕೆ ಹೋಲುವುದಿಲ್ಲ. ಆ ಲೆಕ್ಕ ನಂಬಿ ಚಿಕ್ಕ ಪೆಟ್ಟಿಗೆ ತಗೊಂಡಿದ್ದರೆ ಜಾಗ ಸಾಲದೆ ಒದ್ದಾಡುತ್ತಿದ್ದೆವು.

ಕಾಪಿ ಇದ್ದೂ ಕೈಕೊಡುವುದು 2011ರ ಫೆಬ್ರವರಿಯಲ್ಲಿ ಜಿಮೇಲ್‌ನಲ್ಲೂ ಆಯಿತು. ಸಾಫ್ಟ್‌ವೇರ್ ತಪ್ಪಿನಿಂದ 0.02% ಬಳಕೆದಾರರ ಮೇಲ್ ಮಾಯವಾದವು. ಹಲವು ಡೇಟಾ ಸೆಂಟರುಗಳಲ್ಲಿ ಕಾಪಿ ಇದ್ದರೂ ಆ ತಪ್ಪು ಎಲ್ಲ ಕಡೆಗೂ ಹಬ್ಬಿತ್ತು. ಕೊನೆಗೆ ಗೂಗಲ್‌ನವರು ಟೇಪಿನಿಂದಲೇ ಮೇಲ್ ವಾಪಸ್ ತಂದರು. ಟೇಪ್ ಆಫ್‌ಲೈನ್ ಇತ್ತು, ಅದಕ್ಕೆ ಏನೂ ತಾಗಿರಲಿಲ್ಲ.

ನಾವು ಈಗಲೂ ಅದೇ ನ್ಯಾಸ್ ಬಳಸುತ್ತೇವೆ, ಆದರೆ ಸರ್ವರಿಗೆ ಅದು ಇದೆ ಎಂಬುದೇ ಗೊತ್ತಿಲ್ಲ. ಬೇರೊಂದು ಮಶೀನ್, ಬೇರೆ ಪಾಸ್‌ವರ್ಡಿನಲ್ಲಿ, ಸರ್ವರಿನಿಂದ ಡೇಟಾ ಎಳೆದುಕೊಂಡು ನ್ಯಾಸ್‌ಗೆ ಹಾಕುತ್ತದೆ. ಸ್ನ್ಯಾಪ್‌ಶಾಟ್ ಆನ್ ಇದೆ. ರಿಮೋಟ್ ಡೆಸ್ಕ್‌ಟಾಪ್ ವಿಪಿಎನ್ (ನಮ್ಮವರಿಗೆ ಮಾತ್ರ ತೆರೆಯುವ ಸುರಕ್ಷಿತ ದಾರಿ) ಒಳಗೆ ಹೋಯಿತು. ವಾರಕ್ಕೊಮ್ಮೆ ಎಲ್‌ಟಿಒ 8 ಎಂಬ ಬಗೆಯ ನಿಜವಾದ ಟೇಪಿಗೆ ಕಾಪಿ ತೆಗೆಯುತ್ತೇವೆ. ಒಂದು ಟೇಪ್ 12 ಟಿಬಿ ಹಿಡಿಯುತ್ತದೆ. ಅದು ಇನ್ನೊಂದು ಕಟ್ಟಡದ ಬೀರುವಿನಲ್ಲಿ ಇರುತ್ತದೆ.

ವಾಪಸ್ ತರುವುದನ್ನೂ ಒಮ್ಮೆ ಮಾಡಿ ನೋಡಿ, ಗಡಿಯಾರ ಹಿಡಿದು. 1 ಗಿಗಾಬಿಟ್ ನೆಟ್‌ವರ್ಕಿನಲ್ಲಿ ಎಲ್ಲ ಸರಿಯಿದ್ದರೂ 10 ಟಿಬಿ ಬರಲು ಸುಮಾರು 25 ಗಂಟೆ ಬೇಕು. ನಾನು ಮ್ಯಾನೇಜರಿಗೆ ‘ಸಂಜೆಯೊಳಗೆ ಸರಿಯಾಗುತ್ತೆ’ ಎಂದು ಮಾತು ಕೊಟ್ಟಿದ್ದೆ.

ಕಳೆದ ವಾರ ಒಬ್ಬ ತಾಯಿ ಮಗನ ಹಳೇ ಎಂಆರ್‌ಐ ಕೇಳಿಕೊಂಡು ಬಂದರು. ಗಡ್ಡೆ ಬೆಳೆದಿದೆಯೋ ಇಲ್ಲವೋ ಎಂದು ಡಾಕ್ಟರು ಹೋಲಿಸಿ ನೋಡಬೇಕಿತ್ತು. ತಾರೀಖು ನೋಡಿದೆ. ಕಳೆದುಹೋದ ಆ ನಾಲ್ಕು ತಿಂಗಳೊಳಗಿನದು. ‘ಅಮ್ಮಾ, ಮನೆಯಲ್ಲಿ ಫಿಲ್ಮ್ ಇದ್ದರೆ ತರ್ತೀರಾ’ ಎಂದೆ. ಮಳೆಗೆ ನೆಂದು ಅಂಟಿಕೊಂಡುಬಿಟ್ಟಿವೆ ಎಂದರು.