ಹರಿಕೇನ್ ಸೀಸನ್‌ಗೆ ನಾನು ನಂಬುವ ಒಂದು ಸೈಟು: ಎನ್‌ಎಚ್‌ಸಿ (ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರ್)

ಟ್ಯಾಂಪಾ ಕಡೆ ಇರುವ ಕನ್ನಡದವರಿಗೆ, ಅದರಲ್ಲೂ ಫ್ಲೋರಿಡಾಕ್ಕೆ ಹೊಸಬರಾಗಿ ಬಂದವರಿಗೆ ಇದನ್ನು ಬರೆಯುತ್ತಿದ್ದೇನೆ. ಜೂನ್ 1ಕ್ಕೆ ಹರಿಕೇನ್ ಸೀಸನ್ ಶುರುವಾದರೆ ನವೆಂಬರ್ 30ರವರೆಗೂ ಇರುತ್ತದೆ. ಈ ಸಲ ಎಷ್ಟು ಬರಬಹುದು ಅಂತ ಎಲ್ಲರೂ ಕೇಳುತ್ತಾರೆ. ನಾನು ಹವಾಮಾನ ಓದಿದವನಲ್ಲ, ಆಸಕ್ತಿಯಿಂದ ಗಮನಿಸುವವನು. ಪೆಸಿಫಿಕ್‌ನಲ್ಲಿ ಎಲ್ ನಿನೋ (ಅಲ್ಲಿನ ಸಮುದ್ರ ಮಾಮೂಲಿಗಿಂತ ಬಿಸಿಯಾಗುವುದು) ಬಲವಾದರೆ ಅಟ್ಲಾಂಟಿಕ್ ಮೇಲೆ ಎತ್ತರದ ಗಾಳಿ ಜೋರಾಗುತ್ತದೆ, ಬಿರುಗಾಳಿ ಕಟ್ಟಿಕೊಳ್ಳುವ ಮೊದಲೇ ಅದನ್ನು ಚದುರಿಸುತ್ತದೆ. ಅದರ ಉಲ್ಟಾ ಆದ ಲಾ ನಿನಾ ಇದ್ದು ಅಟ್ಲಾಂಟಿಕ್ ಸಮುದ್ರವೂ ಬಿಸಿಯಾಗಿದ್ದರೆ ಜಾಸ್ತಿ ಬರುತ್ತವೆ. ಸಾಮಾನ್ಯ ವರ್ಷದಲ್ಲಿ ಹೆಸರಿಟ್ಟ ಬಿರುಗಾಳಿ 14, ಅದರಲ್ಲಿ ಇನ್ನೂ ಬಲವಾಗಿ ಹರಿಕೇನ್ ಆಗುವುದು 7.

ಆದರೆ ಈ ಲೆಕ್ಕದಿಂದ ನಮ್ಮ ಮನೆಗೆ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ. 1992 ಬಿರುಗಾಳಿ ಕಮ್ಮಿ ಇದ್ದ ವರ್ಷ, ಆದರೂ ಆಂಡ್ರೂ ಅನ್ನುವ ಹರಿಕೇನ್ ಬಂದು ಮಯಾಮಿಯ ದಕ್ಷಿಣ ಭಾಗವನ್ನು ನೆಲಸಮ ಮಾಡಿತು. 2025ರಲ್ಲಿ ಮೂರು ಹರಿಕೇನ್‌ಗಳು ಐದನೇ ದರ್ಜೆಗೆ, ಅಂದರೆ ಎಲ್ಲಕ್ಕಿಂತ ಬಲವಾದ ದರ್ಜೆಗೆ ಏರಿದವು, ಅಮೆರಿಕದ ನೆಲಕ್ಕೆ ಒಂದೂ ಬಡಿಯಲಿಲ್ಲ, ಆದರೆ ಅವುಗಳಲ್ಲಿ ಒಂದಾದ ಮೆಲಿಸ್ಸಾಗೆ ಸಿಕ್ಕಿ ಜಮೈಕಾ ನಲುಗಿತು.

ಅದಕ್ಕೇ ನಾನು ನ್ಯಾಷನಲ್ ಹರಿಕೇನ್ ಸೆಂಟರ್‌ನ ಸೈಟನ್ನೇ ನೋಡುವುದು. ಪೂರ್ತಿ ಉಚಿತ, ಜಾಹೀರಾತಿಲ್ಲ. ಮುಖಪುಟದಲ್ಲಿ ಮುಂದಿನ ಏಳು ದಿನದ ನಕ್ಷೆ ಇರುತ್ತದೆ, ಹಳದಿ, ಕಿತ್ತಳೆ, ಕೆಂಪು. ಕೆಂಪು ಅಂದರೆ ಅಲ್ಲಿ ಬಿರುಗಾಳಿ ಹುಟ್ಟುವ ಸಾಧ್ಯತೆ 60%ಗಿಂತ ಜಾಸ್ತಿ. ಬಿರುಗಾಳಿ ಹುಟ್ಟಿದ ಮೇಲೆ ಆರು ಗಂಟೆಗೊಮ್ಮೆ ಹೊಸ ಮಾಹಿತಿ ಬರುತ್ತದೆ.

ಎಲ್ಲರೂ ವಾಟ್ಸಾಪ್‌ನಲ್ಲಿ ಕಳಿಸುವುದು ಬಿರುಗಾಳಿಯ ದಾರಿ ತೋರಿಸುವ ಆ ಬಿಳಿ ಕೋನ್ ಚಿತ್ರ ಮಾತ್ರ, ಅಲ್ವಾ? ಬಿರುಗಾಳಿಯ ನಡುಭಾಗ ಎಲ್ಲಿ ಹೋಗಬಹುದು ಅನ್ನುವುದಷ್ಟೇ ಅದರಲ್ಲಿದೆ, ಅದೂ ಮೂರರಲ್ಲಿ ಎರಡು ಸಲ ಸರಿ ಆಗುವ ಅಂದಾಜು. 2024ರ ಹೆಲೀನ್ ಹರಿಕೇನ್ ನಮ್ಮಿಂದ ಎಷ್ಟೋ ದೂರ ಸಮುದ್ರದಲ್ಲೇ ಹಾದು ಹೋಯಿತು, ಆದರೂ ಟ್ಯಾಂಪಾ ಬೇ ದಡದ ಮನೆಗಳಿಗೆ ಉಪ್ಪುನೀರು ನುಗ್ಗಿತು. ಆದ್ದರಿಂದ ಕೋನ್ ನೋಡಿ ಸುಮ್ನೆ ಕೂರಬೇಡಿ, 'ಸ್ಟಾರ್ಮ್ ಸರ್ಜ್' (ಬಿರುಗಾಳಿ ದಡಕ್ಕೆ ನುಗ್ಗಿಸುವ ಸಮುದ್ರದ ನೀರು) ಪುಟ ತೆರೆಯಿರಿ. ನೆಲದಿಂದ ಎಷ್ಟು ಅಡಿ ನೀರು ಏರಬಹುದು ಅಂತ ಕರಾವಳಿಯ ಒಂದೊಂದು ತುಂಡಿಗೂ ಬರೆದಿರುತ್ತಾರೆ. ಗಾಳಿ ಯಾವಾಗ ತಲುಪುತ್ತದೆ ಅನ್ನುವ ನಕ್ಷೆಯೂ ಇದೆ, ಕಿಟಕಿಗೆ ಪ್ಲೈವುಡ್ ಹೊಡೆದು ಮುಗಿಸುವುದಕ್ಕೆ ಎಷ್ಟು ಹೊತ್ತಿದೆ ಅಂತ ಅದರಿಂದಲೇ ತಿಳಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಡಿಸ್ಕಷನ್' ಅನ್ನುವ ಪುಟ. ಬರೀ ಅಕ್ಷರ, ಚಿತ್ರವೇ ಇಲ್ಲ. ಮುನ್ಸೂಚನೆಯ ಯಾವ ಕಂಪ್ಯೂಟರ್ ಮಾಡೆಲ್ ಏನು ಹೇಳುತ್ತಿದೆ, ತಮಗೆ ಎಲ್ಲಿ ಅನುಮಾನವಿದೆ ಅಂತ ತಜ್ಞರು ಬಿಚ್ಚಿ ಬರೆದು, ಕೊನೆಗೆ ತಮ್ಮ ಹೆಸರು ಹಾಕುತ್ತಾರೆ. ಇಷ್ಟು ಪ್ರಾಮಾಣಿಕವಾಗಿ ಟಿವಿಯಲ್ಲಿ ಯಾರೂ ಹೇಳುವುದನ್ನು ನಾನು ಕೇಳಿಲ್ಲ. ಊರಿಂದ ಬಂದಿರುವ ಅಪ್ಪ ಅಮ್ಮ ಹೆದರಿಕೊಂಡಾಗ ಇದನ್ನೇ ಓದಿ ಕನ್ನಡದಲ್ಲಿ ಹೇಳುತ್ತೇನೆ.

ಕೊರತೆಯೂ ಇದೆ. ಫೋನಿನಲ್ಲಿ ಅಕ್ಷರ ತೀರಾ ಚಿಕ್ಕದು. ಹೊಸಬರಿಗೆ ಯಾವ ಪುಟ ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ಮನೆ ಖಾಲಿ ಮಾಡಬೇಕೋ ಬೇಡವೋ ಅನ್ನುವುದು ಇಲ್ಲಿ ಸಿಗುವುದಿಲ್ಲ, ಅದನ್ನು ಹೇಳುವವರು ನಿಮ್ಮ ಕೌಂಟಿಯವರು (ನಮ್ಮ ಜಿಲ್ಲಾಡಳಿತ ಇದ್ದ ಹಾಗೆ), ಎ, ಬಿ, ಸಿ ಅಂತ ಝೋನ್ ಪ್ರಕಾರ. ನಿಮ್ಮ ವಿಳಾಸ ಯಾವ ಝೋನ್‌ನಲ್ಲಿದೆ ಅಂತ ಕೌಂಟಿ ಸೈಟಿನಲ್ಲಿ ಮೇ ತಿಂಗಳಲ್ಲೇ ನೋಡಿಟ್ಟುಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ.