1942ರ ಅಂಗಡಿ, 1972ರ ಅಂಗಡಿ: ಹಳೆಯ ಸೂಪರ್‌ನಾಯಕಿಯರಲ್ಲಿ ಯಾರನ್ನು ಕೊಳ್ಳಬೇಕು?

ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ವಂಡರ್ ವುಮನ್‌ 'ಗೋಲ್ಡನ್ ಏಜ್' (1940ರ ದಶಕದ ಅಮೆರಿಕನ್ ಕಾಮಿಕ್ಸ್) ಮೊದಲ ಸಂಪುಟದ ಪೇಪರ್‌ಬ್ಯಾಕ್ ತಗೊಳ್ಳಿ. ವಿಲಿಯಂ ಮೋಲ್ಟನ್ ಮಾರ್ಸ್ಟನ್ ಬರೆದ, ಎಚ್. ಜಿ. ಪೀಟರ್ ಚಿತ್ರ ಬಿಡಿಸಿದ ಮೊದಮೊದಲ ಕತೆಗಳೆಲ್ಲ ಅದರಲ್ಲಿವೆ. ಅದರ ಎದುರಾಳಿಗಳು ಮೂರು: 1968ರಲ್ಲಿ ಶಕ್ತಿ ಕಳೆದುಕೊಂಡು ಡಯಾನಾ ಪ್ರಿನ್ಸ್ ಎಂಬ ಬರೀ ಸಾಮಾನ್ಯ ಹೆಂಗಸಾದ ವಂಡರ್ ವುಮನ್, 1972ರ 'ದಿ ಕ್ಯಾಟ್', 1977ರ 'ಮಿಜ್ ಮಾರ್ವೆಲ್'. ಕೊನೆಯ ಎರಡು ಮಹಿಳಾ ವಿಮೋಚನೆಯ ಹೆಸರಿನಲ್ಲೇ ಮಾರುಕಟ್ಟೆಗೆ ಬಂದವು. ಆದರೂ ಸಂಬಳ, ಕೆಲಸ, ಗಂಡನ ಹಿಡಿತ ಇವನ್ನು ಕತೆಯೊಳಗೆ ದುಡಿಸಿಕೊಳ್ಳುವುದರಲ್ಲಿ ಮೂವತ್ತು ವರ್ಷ ಹಿಂದಿನದೇ ಗಟ್ಟಿ.

ನಂಬಿಕೆ ಬರದಿದ್ದರೆ ಎರಡು ಸಂಚಿಕೆಗಳನ್ನು ಬೆನ್ನಿಗೆ ಬೆನ್ನು ಓದಿ: ವಂಡರ್ ವುಮನ್ ಕತೆಗಳು ಬರುತ್ತಿದ್ದ ಪತ್ರಿಕೆ ಸೆನ್ಸೇಷನ್ ಕಾಮಿಕ್ಸ್ 8 (ಆಗಸ್ಟ್ 1942) ಮತ್ತು ವಂಡರ್ ವುಮನ್ 203 (ನವೆಂಬರ್–ಡಿಸೆಂಬರ್ 1972). ಎರಡೂ ಡಿಪಾರ್ಟ್‌ಮೆಂಟ್ ಸ್ಟೋರ್ ಕತೆಗಳೇ, ಎರಡರಲ್ಲೂ ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಸಿಗುವುದು ಪುಡಿಗಾಸು.

1942ರದ್ದರಲ್ಲಿ ಬುಲ್‌ಫಿಂಚ್ ಅಂಗಡಿಯ ಹುಡುಗಿಯರು ಮುಷ್ಕರಕ್ಕೆ ನಿಂತಿದ್ದಾರೆ. ಒಡತಿ ಗ್ಲೋರಿಯಾ ಬುಲ್‌ಫಿಂಚ್ ಶ್ರೀಮಂತೆ, ತನ್ನ ಅಂಗಡಿಯಲ್ಲಿ ಏನು ನಡೆಯುತ್ತಿದೆ ಎಂಬುದೇ ಅವಳಿಗೆ ಬೇಕಿಲ್ಲ. ವಂಡರ್ ವುಮನ್ ಅವಳಿಗೆ ಭಾಷಣ ಬಿಗಿಯುವುದಿಲ್ಲ, ಹಗ್ಗ ಹಾಕುತ್ತಾಳೆ. ಆ ಕಾಲದಲ್ಲಿ ಅದು ಸತ್ಯ ನುಡಿಸುವ ಹಗ್ಗವಲ್ಲ, ಹೇಳಿದಂತೆ ಕೇಳಿಸುವ ಹಗ್ಗ. ಗ್ಲೋರಿಯಾ ತಾನು ಯಾರೆಂಬುದನ್ನೇ ಮರೆತು ತನ್ನದೇ ಅಂಗಡಿಯಲ್ಲಿ ಕೆಲಸದವಳಾಗಿ ನಿಲ್ಲುತ್ತಾಳೆ. ನಿಂತು ದುಡಿದ ಮೇಲೆ ಸಂಬಳ ದುಪ್ಪಟ್ಟು ಮಾಡುತ್ತಾಳೆ. ಇದರಲ್ಲೊಂದು ಕೊರತೆ ಇದೆ: ಗೆದ್ದದ್ದು ಮುಷ್ಕರವಲ್ಲ, ಮನಸ್ಸು ಬದಲಾದ ಮಾಲೀಕಳು. ಆದರೂ ಯಾರ ಕಾಲು ನೋಯುತ್ತದೆ, ಯಾರ ಜೇಬು ತುಂಬುತ್ತದೆ ಎಂಬುದು ಸಣ್ಣ ಮಕ್ಕಳಿಗೂ ಅರ್ಥವಾಗುತ್ತದೆ.

1972ರದ್ದರ ಮುಖಪುಟದಲ್ಲೇ 'ಮಹಿಳಾ ವಿಮೋಚನೆ ವಿಶೇಷ' ಎಂಬ ಘೋಷಣೆ. ಬರೆದವರು ಸ್ಯಾಮ್ಯುಯೆಲ್ ಡೆಲಾನಿ, ಚಿತ್ರ ಡಿಕ್ ಜಿಯೋರ್ಡಾನೊ. ಗ್ರ್ಯಾಂಡಿ ಎಂಬ ಅಂಗಡಿಯವನು ಡಯಾನಾಳನ್ನು ಜಾಹೀರಾತಿಗೆ ಕರೆಯುತ್ತಾನೆ, ಅವಳು ಒಪ್ಪುತ್ತಾಳೆ. ಹೋರಾಟದ ಹುಡುಗಿಯರು ಸಂಬಳದ ಮಾತೆತ್ತಿದಾಗ ಅವಳ ಉತ್ತರ: ಸಮಾನ ವೇತನಕ್ಕೆ ತನ್ನ ಬೆಂಬಲವಿದೆ, ಆದರೆ ಗುಂಪಿಗೆ ಸೇರುವವಳು ತಾನಲ್ಲ, ಹೆಚ್ಚಿನಂಶ ಹೆಂಗಸರೇ ತನಗೆ ಹಿಡಿಸುವುದಿಲ್ಲ. ಅಮೆಜಾನ್ ಎಂಬ ಯೋಧ ಹೆಂಗಸರ ನಡುವೆ ಬೆಳೆದವಳ ಬಾಯಲ್ಲಿ ಈ ಮಾತು! ಆಮೇಲೆ ಅವಳು ಬದಲಾಗುತ್ತಾಳೆ ನಿಜ, ಆದರೆ ಒಂದೇ ಸಂಚಿಕೆಯೊಳಗೆ, ಅವಸರದಲ್ಲಿ.

ಈ ಸಂಚಿಕೆಯ ಕೊನೆಯ ಪುಟ ಮಾತ್ರ ನಾಲ್ಕು ಆಯ್ಕೆಗಳಲ್ಲೇ ಅತಿ ದಿಟ್ಟ ಪುಟ. ಅಂಗಡಿ ಮುಚ್ಚಿಸಿ ಗೆದ್ದೆವು ಎನ್ನುವಷ್ಟರಲ್ಲಿ, ಕೆಲಸ ಕಳೆದುಕೊಂಡ 250 ಹೆಂಗಸರ ಪರವಾಗಿ ಸಿಟ್ಟಿನ ಗುಂಪು ಬಾಗಿಲಿಗೆ ಬಂದು ನಿಲ್ಲುತ್ತದೆ. ಈಗೇನು ಮಾಡುತ್ತೀರಿ? ಮಾರ್ಸ್ಟನ್ ಈ ಪ್ರಶ್ನೆಯ ಹತ್ತಿರವೂ ಸುಳಿಯಲಿಲ್ಲ. ಆದರೆ ಉತ್ತರ ಬರಲೇ ಇಲ್ಲ. 204ರಲ್ಲಿ ಹಳೆಯ ಬರಹಗಾರ ರಾಬರ್ಟ್ ಕ್ಯಾನಿಗರ್ ಮರಳಿದರು, ಶಕ್ತಿ ವಾಪಸ್ ಬಂತು, ಅಂಗಡಿಯ ಕತೆ ಅಲ್ಲಿಗೇ ಬಿದ್ದುಹೋಯಿತು. ಡೆಲಾನಿಯ ಈ ಸರಣಿ ಮುಂದುವರಿದಿದ್ದರೆ ನನ್ನ ಶಿಫಾರಸು ಬೇರೆಯೇ ಆಗುತ್ತಿತ್ತೇನೋ.

ದಿ ಕ್ಯಾಟ್ ಬಂದದ್ದು ನಾಲ್ಕೇ ಸಂಚಿಕೆ. ಲಿಂಡಾ ಫೈಟ್ ಬರವಣಿಗೆ, ಮೊದಲ ಸಂಚಿಕೆಗೆ ಮೇರಿ ಸೆವೆರಿನ್ ಚಿತ್ರ. ಬೇರೂರುವ ಮೊದಲೇ ಕಿತ್ತರು. ಪೂರ್ತಿ ಪುಸ್ತಕದ ಬೆಲೆ ಕೊಡಬೇಡಿ, ಡಿಜಿಟಲ್‌ನಲ್ಲಿ ಮೊದಲ ಸಂಚಿಕೆ ಓದಿದರೆ ಸಾಕು.

ಮಿಜ್ ಮಾರ್ವೆಲ್ ಬಗ್ಗೆ ನನ್ನ ತಕರಾರು ಒಂದೇ, ಆದರೆ ದೊಡ್ಡದು. ಮೊದಲ ಸಂಚಿಕೆಯ ಶುರುವಾತು ಸೊಗಸಾಗಿದೆ. ಕ್ಯಾರೊಲ್ ಡ್ಯಾನ್ವರ್ಸ್ ಹೆಂಗಸರ ಪತ್ರಿಕೆಯ ಸಂಪಾದಕಿಯಾಗಲು ಅದರ ಪ್ರಕಾಶಕ ಜೆ. ಜೋನಾ ಜೇಮ್ಸನ್ ಎದುರು ಕೂತಿದ್ದಾಳೆ. ಅವನಿಗೆ ಬೇಕಿರುವುದು ಡಯಟ್, ಫ್ಯಾಷನ್, ಅಡುಗೆ. ಅದೆಲ್ಲ ಆಗುವುದಿಲ್ಲ ಎನ್ನುತ್ತಾಳೆ, ವರ್ಷಕ್ಕೆ 30,000 ಡಾಲರ್ ಕೇಳುತ್ತಾಳೆ, ಚೌಕಾಸಿಗೆ ಬಗ್ಗುವುದಿಲ್ಲ. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಸಂಬಳದ ಅಂಕಿ ಇಷ್ಟು ನೇರವಾಗಿ ಬರುವುದೇ ಅಪರೂಪ.

ಅಷ್ಟಾದ ಮೇಲೆ ಆ ಹೆಂಗಸಿಗೆ ತಲೆನೋವು ಬರುತ್ತದೆ, ಪ್ರಜ್ಞೆ ತಪ್ಪುತ್ತದೆ, ಮಿಜ್ ಮಾರ್ವೆಲ್ ಹೊರಗೆ ಬರುತ್ತಾಳೆ. ಶುರುವಿನಲ್ಲಿ ಒಬ್ಬಳಿಗೆ ಇನ್ನೊಬ್ಬಳ ಸುಳಿವೇ ಇಲ್ಲ. ಸಂಬಳ ಕೇಳಿದವಳು ಹೊಡೆದಾಡುವುದಿಲ್ಲ, ಹೊಡೆದಾಡುವವಳಿಗೆ ತಾನು ಯಾರೆಂದು ಗೊತ್ತಿಲ್ಲ. ಹೊಡೆದಾಟ ಶುರುವಾಗುವ ಹೊತ್ತಿಗೆ ಕ್ಯಾರೊಲ್‌ಳ ಇಚ್ಛೆಗೆ ಕತೆಯಲ್ಲಿ ಜಾಗವೇ ಉಳಿಯುವುದಿಲ್ಲ. ಶಕ್ತಿಯೂ ಅವಳದಲ್ಲ, ಕ್ಯಾಪ್ಟನ್ ಮಾರ್ವೆಲ್ ಎಂಬ ಗಂಡಸಿನಿಂದ ಸಿಡಿತದಲ್ಲಿ ಬಂದದ್ದು. ವೇಷವೂ ಅವನದೇ, ಹೊಟ್ಟೆಯ ಭಾಗ ಕತ್ತರಿಸಿದ್ದು. ಮೂರನೇ ಸಂಚಿಕೆಯಿಂದ ಬಂದ ಕ್ರಿಸ್ ಕ್ಲೇರ್‌ಮಾಂಟ್ ಹೆಚ್ಚಿನ ಶ್ರಮ ಹಾಕಿದ್ದು ಈ ಗಂಟು ಬಿಡಿಸುವುದಕ್ಕೇ. ಮಗಳ ಕಾಲೇಜಿಗೆ ದುಡ್ಡು ಕೊಡದ ಅಪ್ಪನನ್ನು ಅವರು ಕತೆಗೆ ತಂದರು. 20ನೇ ಸಂಚಿಕೆಯಲ್ಲಿ (1978) ಡೇವ್ ಕಾಕ್ರಮ್ ಮಾಡಿದ ಕಪ್ಪು ಉಡುಪು ಬಂತು. ಕತೆ ದಾರಿಗೆ ಬರುವಷ್ಟರಲ್ಲಿ 23ಕ್ಕೆ ಸರಣಿ ನಿಂತಿತು. ಅದಾದ ಮೇಲೆ ಅವೆಂಜರ್ಸ್ 200ರಲ್ಲಿ (1980) ಅವಳನ್ನು ನಡೆಸಿಕೊಂಡ ರೀತಿ ಓದಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಕ್ಲೇರ್‌ಮಾಂಟ್ ಉತ್ತರ ಕೊಟ್ಟದ್ದು ಮರುವರ್ಷದ ಅವೆಂಜರ್ಸ್ ಆ್ಯನುಯಲ್ 10ರಲ್ಲಿ. 'ಎಸೆನ್ಷಿಯಲ್' ಕಪ್ಪು-ಬಿಳುಪು ಸಂಪುಟದಲ್ಲಿ 23 ಸಂಚಿಕೆಗಳ ಜೊತೆ ಆ ಆ್ಯನುಯಲ್ಲೂ ಇದೆ. ಬಣ್ಣ ಬೇಕೇಬೇಕು ಎನ್ನದವರಿಗೆ ಅದೇ ಸರಿ.

ನನ್ನ ಮೆಚ್ಚಿನದರಲ್ಲಿ ದೋಷವಿಲ್ಲವೆಂದಲ್ಲ. ಜಪಾನೀಯರ ಚಿತ್ರಣ ಹೇಸಿಗೆ ಹುಟ್ಟಿಸುತ್ತದೆ. ಸರಪಳಿ, ಕಟ್ಟು, ಬಂಧನ ಪುಟಪುಟಕ್ಕೂ ಬರುತ್ತವೆ, ಹತ್ತು ಕತೆ ಒಟ್ಟಿಗೆ ಓದಿದರೆ ಸುಸ್ತಾಗುತ್ತದೆ. ಆದರೆ ಸೆನ್ಸೇಷನ್ 9ರಲ್ಲಿ ಅದೇ ಸರಪಳಿಯಿಂದ, ಹೆಂಡತಿ ಕೆಲಸಕ್ಕೆ ಹೋಗಬಾರದೆನ್ನುವ ಗಂಡನೊಬ್ಬ ತನ್ನ ಹೆಂಡತಿಯೆಂದುಕೊಂಡು ವಂಡರ್ ವುಮನ್‌ಳನ್ನೇ ಅಡುಗೆ ಒಲೆಗೆ ಕಟ್ಟುತ್ತಾನೆ. ಅಲ್ಲಿ ಸರಪಳಿ ಏನು ಹೇಳಬೇಕೋ ಅದನ್ನು ಹೇಳಿಯೇಬಿಡುತ್ತದೆ.

ಕೊಳ್ಳುವಾಗ ಎರಡು ಎಚ್ಚರ. ಆಲ್ ಸ್ಟಾರ್ ಕಾಮಿಕ್ಸ್ ಸಂಪುಟಗಳನ್ನು ಇದಕ್ಕೆಂದು ತಗೋಬೇಡಿ. ಅಲ್ಲಿ ಬೇರೆ ಬರಹಗಾರರ ಕೈಯಲ್ಲಿ ಅವಳು ಜಸ್ಟೀಸ್ ಸೊಸೈಟಿ ಎಂಬ ಸೂಪರ್‌ಹೀರೋ ತಂಡದ ಸೆಕ್ರೆಟರಿಯಾಗಿ ಟಿಪ್ಪಣಿ ಬರೆಯುತ್ತಾ ಕೂರುತ್ತಾಳೆ. ಇನ್ನೊಂದು, ಅವಳು ಅಧ್ಯಕ್ಷ ಪದವಿಗೆ ನಿಲ್ಲುವ 'ವಂಡರ್ ವುಮನ್' ಪತ್ರಿಕೆಯ 7ನೇ ಸಂಚಿಕೆ ಮೊದಲ ಪೇಪರ್‌ಬ್ಯಾಕ್‌ನಲ್ಲಿ ಇಲ್ಲ, ಆಮ್ನಿಬಸ್‌ನ (ದಪ್ಪ ಗಟ್ಟಿರಟ್ಟಿನ ಸಂಕಲನ) ಮೊದಲ ಸಂಪುಟದಲ್ಲಿದೆ. ಆಮ್ನಿಬಸ್ ದುಬಾರಿ, ಭಾರವೂ ಹೆಚ್ಚು, ಮೇಜಿನ ಮೇಲಿಟ್ಟೇ ಓದಬೇಕು. ಮಲಗಿಕೊಂಡು, ರಾತ್ರಿಗೆ ಎರಡೋ ಮೂರೋ ಕತೆ ಓದುವ ನನ್ನ ಅಭ್ಯಾಸಕ್ಕೆ ಪೇಪರ್‌ಬ್ಯಾಕೇ ಸರಿ. ಮಿಕ್ಕ ದುಡ್ಡಿನಲ್ಲಿ ವಂಡರ್ ವುಮನ್ 203ನ್ನು ಡಿಜಿಟಲ್‌ನಲ್ಲಿ ಬಿಡಿಯಾಗಿ ತಗೊಳ್ಳಿ. ಮೊದಲು ಸೆನ್ಸೇಷನ್ 7, 8, 9 ಓದಿ, ಆಮೇಲೆ 203 ತೆರೆಯಿರಿ.