ಪಿಡಿಎಫ್ ಓದಲು ಯಾವ ಬ್ರೌಸರ್? ನನ್ನ ಓಟು ಫೈರ್‌ಫಾಕ್ಸಿಗೆ

ಪಿಡಿಎಫ್ ಸಾಫ್ಟ್‌ವೇರ್ ಒಂದಕ್ಕೆ ಕಟ್ಟುತ್ತಿದ್ದ ವರ್ಷದ ಚಂದಾ ಈ ಸಲ ನಿಲ್ಲಿಸಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬರುವ ಫೈಲುಗಳಾದರೂ ಯಾವುವು? ಪಹಣಿ, ಸಂಘದ ನೋಟಿಸು, ಅಡಿಕೆ ಕೊಳೆರೋಗದ ಕೈಪಿಡಿ. ಇವಕ್ಕೆ ಬ್ರೌಸರೇ ಧಾರಾಳ. ಕ್ರೋಮ್, ಗೂಗಲ್ ಡ್ರೈವ್, ಫೈರ್‌ಫಾಕ್ಸ್ ಮೂರರಲ್ಲೂ ಓದಿ ನೋಡಿದೆ. ಫೈರ್‌ಫಾಕ್ಸೇ ಹಿಡಿಸಿತು.

ವೇಗದಲ್ಲಿ ಕ್ರೋಮ್ ಮುಂದೆ, ಸುಳ್ಳು ಯಾಕೆ ಹೇಳಲಿ. ಸ್ಕ್ಯಾನ್ ಮಾಡಿದ ಹಳೇ ಜಮೀನು ಪತ್ರಗಳು ಅದರಲ್ಲಿ ಸಲೀಸಾಗಿ ಸರಿಯುತ್ತವೆ. ಫೈರ್‌ಫಾಕ್ಸಿನಲ್ಲಿ ಪುಟ ಸ್ವಲ್ಪ ಹೊತ್ತು ಬೆಳ್ಳಗೆ ನಿಂತು ಆಮೇಲೆ ಮೂಡುತ್ತದೆ. 2013ರಿಂದ ಅದರೊಳಗೇ ಇರುವ ಪಿಡಿಎಫ್ ವೀಕ್ಷಕ ಜಾವಾಸ್ಕ್ರಿಪ್ಟಿನಲ್ಲಿ ಬರೆದದ್ದು, ನನ್ನ ಲ್ಯಾಪ್‌ಟಾಪೂ ಮುದಿ. ಆದರೆ ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಆಷಾಢದ ಕರೆಂಟು ಅಂದರೆ ಗೊತ್ತಲ್ವಾ? ಹೋಗಿ ಬಂದ ಮೇಲೆ ಫೈಲ್ ತೆರೆದರೆ ಫೈರ್‌ಫಾಕ್ಸ್ ಓದು ನಿಲ್ಲಿಸಿದ ಪುಟವನ್ನೇ ತೋರಿಸುತ್ತದೆ. ನನ್ನಲ್ಲಿ ಕ್ರೋಮ್ ಮತ್ತೆ ಮೊದಲ ಪುಟದಿಂದ ಶುರು.

ಡ್ರೈವಿಗೆ ನೆಟ್ ಬೇಕು. ಕರೆಂಟಿನ ಹಿಂದೆಯೇ ಟವರೂ ಹೋಗುವ ಊರಲ್ಲಿ ಅದರ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಘದವರು ಕಳಿಸುವ ವರ್ಡ್ ಫೈಲ್ ಹಾಗೆ ಮುಗಿಸಲು ಬಿಡುವುದಿಲ್ಲ.

ಬ್ರೌಸರಿನಲ್ಲಿ ವರ್ಡ್ ಫೈಲ್ ಒತ್ತಿದರೆ ಸುಮ್ನೆ ಡೌನ್‌ಲೋಡ್ ಆಗುತ್ತದೆ. ಡ್ರೈವಿಗೆ ಹಾಕಿದರೆ ತೆರೆಯುತ್ತದೆ, ಆದರೆ ಸಂಘದ ನೋಟಿಸು ಟೈಪಾಗಿರುವುದು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ಮಾಡಿದ್ದು. ಡ್ರೈವಿನಲ್ಲಿ ಫಾಂಟಿಲ್ಲ, ಹಾಗಾಗಿ ವೇಷ ಕಳಚುತ್ತದೆ. 'ಕ' ಇರಬೇಕಾದಲ್ಲಿ ಇಂಗ್ಲಿಷಿನ ಪಿ, 'ನ' ಇರಬೇಕಾದಲ್ಲಿ ಪೌಂಡ್ ಗುರುತು, ಪಕ್ಕದಲ್ಲೆಲ್ಲ ತಲೆ ಮೇಲೆ ಗೆರೆ ಹೊತ್ತ ಎ. ಮಹಾಸಭೆ ಯಾವತ್ತು, ಎಲ್ಲಿ ಅಂತ ಓದಲು ಹೋದರೆ ಅಂಕಿ ಬಿಟ್ಟು ಏನೂ ತಿಳಿಯುವುದಿಲ್ಲ.

ಅದನ್ನೇ ಪಿಡಿಎಫ್ ಮಾಡಿ ಕಳಿಸಿದರೆ ಫಾಂಟೂ ಫೈಲಿನೊಳಗೇ ಬರುತ್ತದೆ, ಯಾವ ಬ್ರೌಸರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಹುಡುಕಲು ಮಾತ್ರ ಆಗುವುದಿಲ್ಲ, ಒಳಗಿರುವುದು ಆ ಇಂಗ್ಲಿಷ್ ಅಕ್ಷರಗಳೇ ತಾನೆ. ಅದೇ ಥರದ ಫಾಂಟಿನ ಕೊಳೆರೋಗದ ಕೈಪಿಡಿಯಲ್ಲಿ 'ಮೈಲುತುತ್ತ' ಎಂದು ಹುಡುಕಿದೆ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್ ಎಂಬ ಸಾಲು ಕಣ್ಣೆದುರೇ ಇದೆ, ಬ್ರೌಸರ್ ಮಾತ್ರ ಸಿಗಲಿಲ್ಲ ಅನ್ನುತ್ತದೆ. ಇದರಲ್ಲಿ ಫೈರ್‌ಫಾಕ್ಸೂ ಕ್ರೋಮೂ ಒಂದೇ.

ಪಿಡಿಎಫ್ ಮೇಲೆ ಹೆಸರು ಬರೆದು ಸಹಿ ಗೀಚುವ ಸೌಲಭ್ಯ ಫೈರ್‌ಫಾಕ್ಸಿಗೆ 2022ರಲ್ಲಿ ಬಂತು. ಪ್ರಿಂಟಿಗಾಗಿ ಪೇಟೆಗೆ ಹೋಗುವ ಬಸ್ ಚಾರ್ಜು ಉಳಿಯಿತು.

ಪೇಟೆಯಲ್ಲಿದ್ದು ವೈಫೈ ಗಟ್ಟಿ ಇದ್ದವರು ಕ್ರೋಮ್ ಬಿಡಬೇಕಿಲ್ಲ. ನಮ್ಮ ಮನೆಯಲ್ಲಿ ಪಿಡಿಎಫ್ ಎಲ್ಲ ಫೈರ್‌ಫಾಕ್ಸಿಗೆ. ನುಡಿಯ ವರ್ಡ್ ಫೈಲಿಗೆ ಫಾಂಟ್ ಹಾಕಿಕೊಂಡ ಲಿಬ್ರೆಆಫೀಸ್ ಎಂಬ ವರ್ಡಿನಂಥ ಸಾಫ್ಟ್‌ವೇರ್ ಇದೆ, ಅದೂ ಪುಕ್ಕಟೆ.